ಪಶುವಿನಿಂದ ಶುರುವಾಗುವ ಅಕ್ಷರಮಾಲೆ

ಹಳೆಯ ಇಂಗ್ಲಿಷಿನ ಬೇವುಲ್ಫ್ ಕಾವ್ಯಕ್ಕೆ ಉಳಿದಿರುವುದು ಒಂದೇ ಹಸ್ತಪ್ರತಿ. ಸುಮಾರು ಸಾವಿರ ವರ್ಷ ಹಳೆಯದು. ರೋಮನ್ ಅಕ್ಷರಗಳಲ್ಲಿ ಬರೆಯುತ್ತಾ ಹೋದ ಲಿಪಿಕಾರ ಮೂರು ಕಡೆ ಮಾತ್ರ ಬೇರೆಯೇ ಒಂದು ಗುರುತು ಹಾಕಿದ್ದಾನೆ. ಅದು ರೂನ್ ಎಂಬ ಹಳೆಯ ಲಿಪಿಯ 'ಎಥೆಲ್' ಅಕ್ಷರ. ಎಥೆಲ್ ಎಂದರೆ ತಾಯ್ನೆಲ, ಹಿರಿಯರಿಂದ ಬಂದ ಭೂಮಿ. ಆ ಪದ ಬಂದಾಗ ಅದನ್ನು ಪೂರ್ತಿ ಬರೆಯದೆ, ಒಂದೇ ಅಕ್ಷರ ಗೀಚಿ ಮುಂದೆ ಹೋಗಿದ್ದಾನೆ. ಓದುವವರಿಗೆ ಅಷ್ಟು ಸಾಕಿತ್ತು.

ಸಾಕಾಗಲು ಕಾರಣ, ರೂನ್ ಅಕ್ಷರಗಳಿಗೆ ಹೆಸರುಗಳಿದ್ದವು. ಸುಮ್ನೆ ಇಟ್ಟ ಹೆಸರುಗಳಲ್ಲ, ದಿನಬಳಕೆಯ ಪದಗಳು: ಆಲಿಕಲ್ಲು, ಮಂಜುಗಡ್ಡೆ, ಕುದುರೆ, ಸೂರ್ಯ, ಉಡುಗೊರೆ. ಹೆಸರಿನ ಮೊದಲ ಸದ್ದೇ ಆ ಅಕ್ಷರದ ಸದ್ದು. ಒಂದೆರಡು ಕಡೆ ಮಾತ್ರ ಈ ನಿಯಮ ನಡೆಯಲಿಲ್ಲ. 'ಙ' ಸದ್ದಿನಿಂದ ಯಾವ ಪದವೂ ಶುರುವಾಗುವುದಿಲ್ಲ, ಕನ್ನಡದಲ್ಲೂ ಅಷ್ಟೇ ಅಲ್ವಾ? ಹಾಗಾಗಿ ಆ ರೂನಿಗೆ 'ಇಂಗ್' ಎಂಬ ವೀರನ ಹೆಸರಿಟ್ಟು, ಸದ್ದನ್ನು ಹೆಸರಿನೊಳಗೆ ಇರಿಸಿದರು.

ರೂನ್‌ಗಳು ಸ್ಕ್ಯಾಂಡಿನೇವಿಯಾ, ಜರ್ಮನಿ, ಇಂಗ್ಲೆಂಡ್ ಕಡೆಯ ಜರ್ಮ್ಯಾನಿಕ್ ಜನರ ಲಿಪಿ. ಡೆನ್ಮಾರ್ಕಿನ ವಿಮೋಸ್‌ನಲ್ಲಿ ಸಿಕ್ಕ ಬಾಚಣಿಗೆಯ ಮೇಲೆ 'ಹರ್ಯ' ಎಂದು ಕೊರೆದಿದೆ. ಅದು ಕ್ರಿ.ಶ. 160ರ ಸುಮಾರಿನದು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಕ್ಯುಲ್ವರ್ ಕಲ್ಲಿನ ಮೇಲೆ, ಸುಮಾರು 400ರಲ್ಲಿ, 24 ಅಕ್ಷರಗಳನ್ನೂ ಸಾಲಾಗಿ ಕೊರೆದಿದ್ದಾರೆ. ಆದರೆ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಬರೆದಿಡಲಿಲ್ಲ. ಅವು ಸಿಗುವುದು ಎಷ್ಟೋ ಶತಮಾನಗಳ ನಂತರದ ಹಸ್ತಪ್ರತಿಗಳಲ್ಲಿ. ಇಂಗ್ಲಿಷ್, ನಾರ್ಸ್ (ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ), ಗಾಥಿಕ್ (ಇನ್ನೊಂದು ಹಳೆಯ ಜರ್ಮ್ಯಾನಿಕ್ ಭಾಷೆ) ಹೆಸರುಗಳನ್ನು ಹೋಲಿಸಿ ಭಾಷಾತಜ್ಞರು ಮೂಲ ರೂಪಗಳನ್ನು ಊಹಿಸಿದ್ದಾರೆ.

ಆ ಮೂಲ ರೂಪಗಳು ನಮಗೆ ತೀರಾ ಅಪರಿಚಿತವೂ ಅಲ್ಲ. ಮೊದಲ ರೂನ್ 'ಫೆಹು', ಅಂದರೆ ದನಕರು. ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ಪಶು'ವಿಗೂ ಇದಕ್ಕೂ ಬೇರು ಒಂದೇ. 'ಎಹ್ವಾಜ್' ಎಂದರೆ ಅಶ್ವ. ಟೀರ್ ದೇವರ ಹೆಸರಿನ 'ಟೀವಾಜ್' ರೂನ್ 'ದೇವ' ಪದದ ನೆಂಟ. ಇಂಡೋ-ಯುರೋಪಿಯನ್ ಭಾಷೆಗಳ ಬಳಗ ಅಷ್ಟು ದೊಡ್ಡದು.

ಹೆಸರುಗಳ ಅರ್ಥ ಜಾಸ್ತಿ ತಿಳಿಯುವುದು ರೂನ್ ಪದ್ಯಗಳಿಂದ. ಒಂದೊಂದು ಅಕ್ಷರಕ್ಕೆ ಒಂದೊಂದು ಪುಟ್ಟ ಪದ್ಯ. ಇಂಗ್ಲಿಷಿನದರಲ್ಲಿ 29 ಅಕ್ಷರ. ನಾರ್ವೆಯದರಲ್ಲೂ ಐಸ್‌ಲ್ಯಾಂಡಿನದರಲ್ಲೂ 16, ಏಕೆಂದರೆ ಅಷ್ಟರಲ್ಲಿ ಸ್ಕ್ಯಾಂಡಿನೇವಿಯಾದವರು ಅಕ್ಷರಗಳನ್ನು ಕಡಿಮೆ ಮಾಡಿಕೊಂಡಿದ್ದರು. ಪಶು ಅಷ್ಟರಲ್ಲಿ ಹಣವಾಗಿತ್ತು. ಸಂಪತ್ತು ಎಲ್ಲರಿಗೂ ನೆಮ್ಮದಿ, ಆದರೆ ದೇವರ ಮುಂದೆ ಮಾನ ಬೇಕಿದ್ದವನು ಅದನ್ನು ಧಾರಾಳವಾಗಿ ಹಂಚಬೇಕು ಎನ್ನುತ್ತಾನೆ ಇಂಗ್ಲಿಷ್ ಕವಿ. ನಾರ್ವೆಯವನು ಅಷ್ಟು ಒಳ್ಳೆಯ ಮಾತಾಡುವುದಿಲ್ಲ: ಹಣ ನೆಂಟರೊಳಗೆ ಜಗಳ ಹಚ್ಚುತ್ತದೆ, ತೋಳ ಕಾಡಿನಲ್ಲಿ ಬೆಳೆಯುತ್ತದೆ.

ಎರಡನೆಯ ರೂನ್ 'ಊರ್' ನನಗೆ ಎಲ್ಲಕ್ಕಿಂತ ಇಷ್ಟ. ಇಂಗ್ಲಿಷ್ ಪದ್ಯದಲ್ಲಿ ಅದು ಆರಾಕ್ಸ್ ಎಂಬ ಕಾಡುದನ. ದೊಡ್ಡ ಕೊಂಬು, ಭಾರೀ ಸಿಟ್ಟು, ಕೊಂಬಿನಿಂದಲೇ ಕಾದಾಟ, ಜೌಗುನೆಲದಲ್ಲಿ ಅಲೆದಾಟ. ಇಂದಿನ ದನಗಳಿಗೆಲ್ಲ ಆರಾಕ್ಸ್ ಪೂರ್ವಜ. ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳ ಮೂಲ ಅದರ ಭಾರತೀಯ ಕವಲು. ವಿಚಿತ್ರವೆಂದರೆ, ಬ್ರಿಟನ್ನಿನಲ್ಲಿ ಅದು ಕಂಚಿನ ಯುಗದಲ್ಲೇ ಅಳಿದುಹೋಗಿತ್ತು. ಕವಿ ಹೊಗಳಿದ್ದು ತನ್ನ ನಾಡಿನಲ್ಲಿ ಯಾರೂ ಕಾಣದ ಪ್ರಾಣಿಯನ್ನು. ಹೆಸರಿನ ಜೊತೆಗೆ ಅದರ ನೆನಪೂ ಸಮುದ್ರ ದಾಟಿ ಬಂದಿರಬೇಕು.

ನಾರ್ವೆಯ ಪದ್ಯದಲ್ಲಿ ಅದೇ 'ಊರ್' ಕೆಟ್ಟ ಕಬ್ಬಿಣದಿಂದ ಬರುವ ಕಿಟ್ಟ. ಐಸ್‌ಲ್ಯಾಂಡಿನಲ್ಲಿ ಜಿಟಿಜಿಟಿ ಮಳೆ: ಮೋಡಗಳ ಅಳು, ಹುಲ್ಲಿನ ಬೆಳೆಗೆ ಕೇಡು, ಕುರುಬನಿಗೆ ಬೇಡದ್ದು. ಒಂದೇ ಅಕ್ಷರ, ಒಂದೇ ಸದ್ದು, ಮೂರು ಅರ್ಥ. ಗೊತ್ತಿಲ್ಲದ ಪ್ರಾಣಿಯ ಜಾಗಕ್ಕೆ ಅದೇ ಸದ್ದಿನ ಗೊತ್ತಿರುವ ಪದ ಬಂದು ಕೂತಿತು. ಕ ಅಕ್ಷರಕ್ಕೂ ಹಾಗೇ ಆಯಿತು. ಇಂಗ್ಲೆಂಡಿನಲ್ಲಿ ಅದು 'ಕೇನ್', ಪಂಜು. ನಾರ್ಸ್‌ನಲ್ಲಿ 'ಕೌನ್', ಮಕ್ಕಳ ಪ್ರಾಣ ತೆಗೆಯುವ ಹುಣ್ಣು.

ಈಗ ಆನ್‌ಲೈನಿನಲ್ಲಿ ರೂನ್ ಕಲ್ಲುಗಳ ಚೀಲ ಮಾರುತ್ತಾರೆ, ಭವಿಷ್ಯ ನೋಡಲು. ಪ್ರತಿ ಕಲ್ಲಿಗೂ 'ಪ್ರಾಚೀನ ಅರ್ಥ' ಎಂದು ಒಂದು ಪಟ್ಟಿ. ಯಾವ ಊರಿನ, ಯಾವ ಕಾಲದ ಅರ್ಥ ಎಂದು ಕೇಳಬೇಕು. ಏನೂ ಬರೆಯದ ಖಾಲಿ ಕಲ್ಲಂತೂ 1980ರ ದಶಕದಲ್ಲಿ ಸೇರಿಸಿದ್ದು. ಹಾಗೆಂದು ಮಾಟಮಂತ್ರದ ನಂಟೇ ಇರಲಿಲ್ಲ ಎಂದಲ್ಲ. ಐಸ್‌ಲ್ಯಾಂಡಿನ ಎಡ್ಡಾ ಎಂಬ ಪುರಾಣಪದ್ಯಗಳ ಸಂಗ್ರಹದಲ್ಲಿ ವಾಲ್ಕಿರಿಯೊಬ್ಬಳು (ಓಡಿನ್ ದೇವರ ಯುದ್ಧಕನ್ಯೆ) ವೀರ ಸಿಗುರ್ಡ್‌ಗೆ ಪಾಠ ಹೇಳುತ್ತಾಳೆ: ಗೆಲುವು ಬೇಕಾದರೆ ಕತ್ತಿಯ ಮೇಲೆ ರೂನ್ ಕೊರೆದು ಟೀರ್ ಹೆಸರನ್ನು ಎರಡು ಸಲ ಹೇಳು; ಪರರ ಹೆಂಡತಿಯಿಂದ ಮೋಸ ಹೋಗಬಾರದೆಂದರೆ ಉಗುರಿನ ಮೇಲೆ 'ನೌಥ್' ಬರೆದುಕೋ. ನೌಥ್ ಎಂದರೆ ಕಷ್ಟ, ಒತ್ತಾಯ.

ಕೆಲವು ಹೆಸರುಗಳ ಅರ್ಥ ಕಳೆದೇ ಹೋಗಿದೆ. 'ಪೆಯೋರ್ಥ್' ಎಂಬುದು ಯಾವಾಗಲೂ ಆಟ, ನಗು, ಯೋಧರು ಬಿಯರ್ ಮನೆಯಲ್ಲಿ ಖುಷಿಯಾಗಿ ಕೂತ ಜಾಗ ಎನ್ನುತ್ತದೆ ಇಂಗ್ಲಿಷ್ ಪದ್ಯ. ಅದು ದಾಳದ ಡಬ್ಬಿಯೋ, ಚದುರಂಗದ ಕಾಯಿಯೋ ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ. ಕೈಪ್ರತಿ ನೋಡಿ ತೀರ್ಮಾನಿಸೋಣ ಎಂದರೆ ಅದೂ ಇಲ್ಲ. 1731ರಲ್ಲಿ ಲಂಡನ್ನಿನ ಕಾಟನ್ ಗ್ರಂಥಭಂಡಾರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಇಂಗ್ಲೆಂಡಿನ ವಿದ್ವಾಂಸ ಜಾರ್ಜ್ ಹಿಕ್ಸ್ 1705ರಲ್ಲೇ ಪದ್ಯವನ್ನು ಅಚ್ಚು ಹಾಕಿಸಿದ್ದರಿಂದ ನಮಗೆ ದಕ್ಕಿತು. ಅಕ್ಷರಗಳ ಪಕ್ಕದ ಹೆಸರುಗಳನ್ನು ಹಿಕ್ಸ್ ಇನ್ನೊಂದು ಹಸ್ತಪ್ರತಿಯಿಂದ ತಂದು ಸೇರಿಸಿದರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ ಮೂಲದಲ್ಲಿ ಬರೀ ಅಕ್ಷರ ಮತ್ತು ಪದ್ಯ ಇದ್ದವು. ಅಂದರೆ ಅದು ಒಗಟು. ನಾರ್ವೆಯ ಪದ್ಯದ ಪ್ರತಿಯೂ 1728ರ ಕೋಪನ್‌ಹೇಗನ್ ಬೆಂಕಿಯಲ್ಲಿ ಹೋಯಿತು. ಡೆನ್ಮಾರ್ಕಿನ ವಿದ್ವಾಂಸ ಓಲೆ ವೋರ್ಮ್ 1636ರಲ್ಲಿ ಅಚ್ಚು ಹಾಕಿಸಿದ್ದರಿಂದ, ಕೆಲವರು ನಕಲು ಮಾಡಿಟ್ಟಿದ್ದರಿಂದ ಪದ್ಯ ಉಳಿಯಿತು.

ಇಷ್ಟು ತಡವಾಗಿ ಸಿಕ್ಕ ಹೆಸರುಗಳು ನಿಜಕ್ಕೂ ಹಳೆಯವೇ? ಇದಕ್ಕೆ ಒಳ್ಳೆಯ ಸಾಕ್ಷಿ 'ಯಾರ' ಎಂಬ ರೂನ್. ಯಾರ ಎಂದರೆ ವರ್ಷ, ಒಳ್ಳೆಯ ಫಸಲು. ಸದ್ದು 'ಯ'. ಕಾಲಕ್ರಮದಲ್ಲಿ ನಾರ್ಸ್ ಜನರ ಬಾಯಲ್ಲಿ ಪದದ ಮೊದಲಿನ 'ಯ' ಬಿದ್ದುಹೋಯಿತು. ಯಾರ 'ಆರ್' ಆಯಿತು. ತಕ್ಷಣ ಆ ಅಕ್ಷರವೂ 'ಯ' ಬಿಟ್ಟು 'ಅ' ಎನ್ನತೊಡಗಿತು! ಮೊದಲು 'ಅ' ಆಗಿದ್ದ ರೂನಿನ ಹೆಸರು 'ಅನ್ಸುಜ್', ದೇವರು. ಅದು ಸವೆದು 'ಓಸ್' ಆದಾಗ ಆ ಅಕ್ಷರವೂ 'ಓ' ಕಡೆ ಸರಿಯಿತು. ಹೆಸರು ಹೋದ ಕಡೆ ಅಕ್ಷರ ಹೋಯಿತು. ಆ ಬದಲಾವಣೆ ಕಲ್ಲುಗಳ ಮೇಲೆ ಕಾಣುತ್ತದೆ. ಹಾಗಾದರೆ ಹಸ್ತಪ್ರತಿಗಳಿಗೆ ಮೊದಲೇ ಹೆಸರುಗಳು ಜನರ ಬಾಯಲ್ಲಿ ಇರಲೇಬೇಕು. ಸ್ವೀಡನ್ನಿನ ಸ್ಟೆನ್‌ಟಾಫ್ಟನ್ ಕಲ್ಲು ಸುಮಾರು 7ನೇ ಶತಮಾನದ್ದು. ಅದರಲ್ಲಿ ಹಥುವುಲ್ಫ್ ಎಂಬವನು 'ಯ' ಕೊಟ್ಟ ಎಂದಿದೆ. ಬರೀ ಒಂದು ಅಕ್ಷರ. ಒಳ್ಳೆಯ ಫಸಲು ಕೊಟ್ಟ ಎಂದು ಓದಿಕೊಳ್ಳಬೇಕು.

ಇಂಗ್ಲಿಷ್ ಕವಿಗಳು ಇದನ್ನೇ ಆಟ ಮಾಡಿಕೊಂಡರು. ಹಳೆಯ ಇಂಗ್ಲಿಷ್ ಪದ್ಯಗಳ ಹಸ್ತಪ್ರತಿಯಾದ ಎಕ್ಸಿಟರ್ ಪುಸ್ತಕದ ಒಂದು ಒಗಟಿನಲ್ಲಿ ಎರಡು ಕಷ್ಟ, ಒಂದು ಆಶ್ ಮರ, ಎರಡು ಓಕ್ ಮರ, ಎರಡು ಆಲಿಕಲ್ಲು ಬರುತ್ತವೆ. ಇವು ಹೆಸರಾಗಿರುವ ಅಷ್ಟೂ ಅಕ್ಷರಗಳನ್ನು ಕೂಡಿಸಿದರೆ ಹಳೆಯ ಇಂಗ್ಲಿಷಿನಲ್ಲಿ ಹುಂಜ, ಹೇಂಟೆ ಎಂಬ ಎರಡು ಪದ.

ಕುನೆವುಲ್ಫ್ ಎಂಬ ಕವಿ ನಾಲ್ಕು ಕಾವ್ಯಗಳ ಕೊನೆಯಲ್ಲಿ ತನ್ನ ಹೆಸರನ್ನು ರೂನ್‌ಗಳಲ್ಲಿ ಹುದುಗಿಸಿದ. ಒಂದರಲ್ಲಿ ಅಕ್ಷರಗಳನ್ನು ಕಲಸಿ, ಕೊನೆಯದನ್ನೇ ಮೊದಲು ತಂದ. ಅದು ಫ, ಅಂದರೆ ಸಂಪತ್ತು. ಇದು ಕೊನೆಯಲ್ಲಿ ನಿಲ್ಲುತ್ತದೆ, ಭೂಮಿಯ ಮೇಲೆ ಜನ ಇದನ್ನು ಅನುಭವಿಸುತ್ತಾರೆ, ಆದರೆ ಶಾಶ್ವತವಲ್ಲ ಎಂದು ಸುಳಿವನ್ನೂ ಕೊಟ್ಟ. ಓದಿದವರು ತನ್ನ ಹೆಸರು ಹಿಡಿದು ಪ್ರಾರ್ಥಿಸಲಿ ಎಂಬುದು ಅವನ ಆಸೆ. ಈ ಹೆಸರನ್ನು ಹೊಸದಾಗಿ ಬಿಡಿಸಿದ್ದು 1840ರಲ್ಲಿ. ಇಂಗ್ಲೆಂಡಿನ ಕೆಂಬಲ್ ಮತ್ತು ಜರ್ಮನಿಯ ಯಾಕೋಬ್ ಗ್ರಿಮ್, ಇಬ್ಬರೂ ಬೇರೆ ಬೇರೆಯಾಗಿ. ಹೌದು, ಕಥೆಗಳ ಗ್ರಿಮ್ ಸಹೋದರರಲ್ಲಿ ಒಬ್ಬನಾದ ಅದೇ ಗ್ರಿಮ್.