ವೈರಸ್ ಹೋಯಿತು, ಲಿವರ್‌ನ ಕಲೆ ಹೋಯಿತೇ?

ಹೆಪಟೈಟಿಸ್ ಸಿ ಮಾತ್ರೆಯ ಕೋರ್ಸ್ ಮುಗಿಸಿ, ಮತ್ತೆ 12 ವಾರ ಬಿಟ್ಟು ಮಾಡಿಸಿದ, ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಸಿಗದಿದ್ದರೆ ಸೋಂಕು ಗುಣವಾಯಿತೆಂದೇ ಲೆಕ್ಕ. ಕೊನೆಯ ಮಾತ್ರೆ ನುಂಗಿದ ದಿನದ ವರದಿ ಇದಕ್ಕೆ ಸಾಲದು. ಕೆಲವರಿಗೆ ಚಿಕಿತ್ಸೆ ಇಲ್ಲದೆಯೂ ಮೊದಲ ಆರು ತಿಂಗಳಲ್ಲಿ ವೈರಸ್ ತಾನಾಗಿ ಹೋಗುವುದುಂಟು. ಆದರೆ ಕಾಮಾಲೆ ಇಳಿದು ಹಸಿವು ಮರಳಿದ್ದೇ ಅದಕ್ಕೆ ಸಾಕ್ಷಿಯಲ್ಲ, ಅವರಿಗೂ ಆರ್‌ಎನ್‌ಎ ಪರೀಕ್ಷೆ ಬೇಕೇ ಬೇಕು.

ಆ ವರದಿಯನ್ನು ಜೋಪಾನವಾಗಿಡಿ. ಮುಂದೆ ಯಾವುದೋ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಪರೀಕ್ಷಿಸಿದಾಗ ‘ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಪಾಸಿಟಿವ್’ ಎಂದು ಸಾಮಾನ್ಯವಾಗಿ ಬರುತ್ತದೆ. ಅದು ತೋರಿಸುವುದು ಪ್ರತಿಕಾಯವನ್ನು, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರೋಟೀನನ್ನು. ವೈರಸ್ ಹೋದರೂ ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗೆಂದು ಅದು ರಕ್ಷಣೆ ಕೊಡುವುದಿಲ್ಲ, ಸೋಂಕು ಮತ್ತೆ ತಗುಲಬಹುದು. ಡಯಾಲಿಸಿಸ್‌ನಲ್ಲಿರುವವರು ಆಗಾಗ ಆರ್‌ಎನ್‌ಎ ಪರೀಕ್ಷೆಯನ್ನೇ ಮಾಡಿಸಿಕೊಳ್ಳಬೇಕು.

ಇನ್ನು ಲಿವರ್‌ನ ವಿಷಯ. ವರ್ಷಾನುಗಟ್ಟಲೆ ಉರಿದ ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿರುತ್ತದೆ. ಅದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್4 ಎಂದರೆ ಸಿರೋಸಿಸ್, ಕಲೆ ಇಡೀ ಲಿವರ್‌ಗೆ ಹರಡಿ ಅದು ಗಟ್ಟಿಯಾದ ಸ್ಥಿತಿ. ಮುಂದಿನ ಆರೈಕೆಯನ್ನೆಲ್ಲ ನಿರ್ಧರಿಸುವುದು ಚಿಕಿತ್ಸೆಗೆ ಮುಂಚೆ ಕಲೆ ಯಾವ ಹಂತದಲ್ಲಿತ್ತು ಎಂಬುದು. ಅನೇಕರ ಫೈಲಿನಲ್ಲಿ ಅದೇ ಇರುವುದಿಲ್ಲ. ಇಲ್ಲದಿದ್ದರೆ ಹಳೆಯ ರಕ್ತ ಪರೀಕ್ಷೆಯಿಂದ ಕಲೆಯನ್ನು ಅಂದಾಜಿಸುವ ಫಿಬ್-4 ಅಂಕವನ್ನಾದರೂ ಲೆಕ್ಕ ಹಾಕಬಹುದು: ವಯಸ್ಸನ್ನು ಎಎಸ್‌ಟಿಯಿಂದ (ಇದೂ ಎಎಲ್‌ಟಿಯೂ ಲಿವರ್‌ನ ಕಿಣ್ವಗಳು) ಗುಣಿಸಿ, ಬಂದದ್ದನ್ನು, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. 58 ವರ್ಷ, ಎಎಸ್‌ಟಿ 80, ಎಎಲ್‌ಟಿ 64, ಪ್ಲೇಟ್‌ಲೆಟ್ 1.1 ಲಕ್ಷ ಎಂದಿಟ್ಟುಕೊಳ್ಳಿ. 4640ನ್ನು 880ರಿಂದ ಭಾಗಿಸಿದರೆ 5.27. 3.25 ದಾಟಿದರೆ ಕಲೆ ಬಲಿತಿದೆ ಎಂಬ ಸಂಶಯ.

ಅದೇ ವ್ಯಕ್ತಿಗೆ ಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಎಎಸ್‌ಟಿ 32, ಎಎಲ್‌ಟಿ 25, ಪ್ಲೇಟ್‌ಲೆಟ್ 1.2 ಲಕ್ಷ ಆಯಿತೆನ್ನಿ. ಅಂಕ 3.15ಕ್ಕೆ ಇಳಿಯುತ್ತದೆ. ಉರಿಯೂತ ಇಳಿದದ್ದಕ್ಕೇ ಅಂಕ ಇಳಿದಿರಬಹುದು. ಕಲೆ ಕರಗಿದೆ ಎನ್ನಲು ಇದು ಆಧಾರವಲ್ಲ. ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೊಸ್ಕ್ಯಾನ್ ಕೂಡ ಹೀಗೆಯೇ ಮೋಸ ಮಾಡುತ್ತದೆ. ‘ಈಗ ನಾರ್ಮಲ್ ಬಂದಿದೆ’ ಎಂದು ತಪಾಸಣೆ ನಿಲ್ಲಿಸುವುದೇ ನಾವು ಕಾಣುವ ಅತಿ ದುಬಾರಿ ತಪ್ಪು.

ಏಕೆಂದರೆ ಸಿರೋಸಿಸ್ ಇದ್ದವರಿಗೆ ವೈರಸ್ ಹೋದ ಮೇಲೂ ಲಿವರ್ ಕ್ಯಾನ್ಸರ್‌ನ ಅಪಾಯ ಉಳಿಯುತ್ತದೆ, ಬಹಳಷ್ಟು ಕಡಿಮೆಯಾದರೂ. ಆರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರ್‌ನಲ್ಲಿ ಏರಬಹುದಾದ ಪ್ರೋಟೀನ್) ರಕ್ತ ಪರೀಕ್ಷೆ. ಇದಕ್ಕೆ ಕೊನೆಯ ದಿನಾಂಕವಿಲ್ಲ. ಎಫ್3 ಇದ್ದವರಿಗೂ ಇದನ್ನೇ ಹೇಳುವುದು ಒಳಿತು. ಎರಡು ಸೆಂಟಿಮೀಟರಿನೊಳಗೆ ಸಿಕ್ಕ ಗೆಡ್ಡೆಯನ್ನು ಸೂಜಿ ತೂರಿಸಿ ಸುಡಲು ಸಾಧ್ಯ. ನೋವು ಬರುವ ತನಕ ಕಾದರೆ ಆ ಅವಕಾಶ ಸಾಮಾನ್ಯವಾಗಿ ಕೈತಪ್ಪಿರುತ್ತದೆ. ಸ್ಕ್ಯಾನಿಂಗ್ ಚೀಟಿಯಲ್ಲಿ ‘ಸಿರೋಸಿಸ್, ಗೆಡ್ಡೆಗಾಗಿ ನೋಡಿ’ ಎಂದು ಬರೆಸಿ. ಬರೀ ‘ಹೊಟ್ಟೆ ಸ್ಕ್ಯಾನ್’ ಎಂದಿದ್ದರೆ ನೋಡುವವರ ಗಮನ ಬೇರೆಡೆ ಹೋಗಬಹುದು. ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕಡಿಮೆಯಿದ್ದರೆ ಅನ್ನನಾಳದ ಉಬ್ಬಿದ ರಕ್ತನಾಳಗಳನ್ನು ನೋಡಲು ಎಂಡೋಸ್ಕೋಪಿಯೂ ಬೇಕಾದೀತು. ಎಫ್0ಯಿಂದ ಎಫ್2ರವರೆಗಿದ್ದು, ಬೇರೆ ಲಿವರ್ ತೊಂದರೆ ಇಲ್ಲದವರಿಗೆ ಇದಾವುದೂ ಬೇಡ.

ಮದ್ಯವನ್ನು ಪೂರ್ತಿ ಬಿಡಿ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇರುವವರಲ್ಲಿ ಕೊಬ್ಬಿನ ಲಿವರ್ ಕಲೆಯನ್ನು ಮುಂದುವರಿಸುತ್ತದೆ. ಹೆಪಟೈಟಿಸ್ ಬಿ ಪರೀಕ್ಷೆ ನೆಗೆಟಿವ್ ಇದ್ದು ರೋಗನಿರೋಧಕತೆಯೂ ಇಲ್ಲದಿದ್ದರೆ ಲಸಿಕೆ ಹಾಕಿಸಿ. ಸಿರೋಸಿಸ್ ಇದ್ದವರು ಜ್ವರಕ್ಕೆ ಪ್ಯಾರಾಸಿಟಮಾಲ್ ಅನ್ನು ದಿನಕ್ಕೆ 2 ಗ್ರಾಂ ಒಳಗೆ ತೆಗೆದುಕೊಳ್ಳಬಹುದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಅವು ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ‘ಲಿವರ್ ಶುದ್ಧಿ’ಯ ನಾಟಿ ಔಷಧಿಯನ್ನು ಮುಟ್ಟಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಊತ ಕಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ರಕ್ತ ವಾಂತಿ, ಟಾರಿನಂತೆ ಕಪ್ಪು ಮಲ, ಹೊಟ್ಟೆ ಉಬ್ಬಿ ನೀರು ತುಂಬುವುದು: ಇವು ಯಾರಿಗೂ ಗಾಬರಿ ಹುಟ್ಟಿಸುತ್ತವೆ. ಕಣ್ತಪ್ಪುವುದು ಇನ್ನೊಂದು ಲಕ್ಷಣ. ಸಿರೋಸಿಸ್ ಇದ್ದವರು ಹಗಲೆಲ್ಲ ತೂಕಡಿಸಿ ರಾತ್ರಿ ಎಚ್ಚರವಾಗಿರುತ್ತಾರೆ, ಸಹಿ ಸೊಟ್ಟಗಾಗುತ್ತದೆ, ಮಾತು ತಡವರಿಸುತ್ತದೆ. ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಲಿವರ್ ಸೋಸಬೇಕಿದ್ದ ಅಮೋನಿಯಾದಂಥ ವಿಷ ಮೆದುಳಿಗೆ ಏರಿರುತ್ತದೆ, ಮಲಬದ್ಧತೆ ಅದನ್ನು ಹೆಚ್ಚಿಸುತ್ತದೆ. ಇಂಥವರಿಗೆ ನಿದ್ದೆ ಮಾತ್ರೆ ಕೊಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.