ನಾಯೀವ್ ಅಂದರೆ ಮುಗ್ಧ ಅಲ್ವಾ? ಪೂರ್ತಿ ಅಲ್ಲ

ಕಳೆದ ಭಾನುವಾರ ವಿಜಯನಗರದ ನಮ್ಮ ರೀಡಿಂಗ್ ರೂಮಿನಲ್ಲಿ ಇಂಗ್ಲಿಷಿನ ‘ನಾಯೀವ್’ (naive) ಅನ್ನೋ ಈ ಒಂದು ಪದದ ಮೇಲೆ ಅರ್ಧ ಗಂಟೆ ವಾದ ನಡೆಯಿತು. ಎಲ್ಲರ ನೋಟ್ಸ್‌ನಲ್ಲೂ ಒಂದೇ ಅರ್ಥ: ಮುಗ್ಧ. ನನ್ನ ಹಳೇ ನೋಟ್‌ಬುಕ್ಕಿನಲ್ಲೂ ಅದೇ ಇದೆ. ಅದನ್ನು ನಂಬಿ ಒಮ್ಮೆ ಮುಜುಗರ ಪಟ್ಟಿದ್ದೇನೆ, ಅದಕ್ಕೇ ಈ ಟಿಪ್ಪಣಿ.

ಮೊದಲ ಕೆಲಸದಲ್ಲಿದ್ದಾಗ ನಮ್ಮ ಟೀಮ್ ಲೀಡ್ ಮೇಡಂ ಬೇರೆ ಕಂಪನಿಗೆ ಹೊರಟರು. ಕೇಕ್, ಸಮೋಸ, ಜೊತೆಗೆ ಎಲ್ಲರೂ ಒಂದೊಂದು ಸಾಲು ಬರೆಯೋಕೆ ದೊಡ್ಡ ಕಾರ್ಡು. ಮೇಡಂದು ಕಪಟ ಇಲ್ಲದ ಮನಸ್ಸು. ಅದನ್ನೇ ಹೇಳೋಣ ಅಂತ ನೀಲಿ ಇಂಕಿನಲ್ಲಿ ದಪ್ಪಗೆ ಬರೆದೆ: ‘ಯೂ ಆರ್ ಸೋ ನಾಯೀವ್. ನೆವರ್ ಚೇಂಜ್.’ ಕಾರ್ಡು ಓದುತ್ತಾ ನಗುತ್ತಿದ್ದ ಮೇಡಂ ನನ್ನ ಸಾಲಿಗೆ ಬಂದಾಗ ನಗು ನಿಲ್ಲಿಸಿದರು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ‘ಥ್ಯಾಂಕ್ಸಪ್ಪಾ’ ಅಂದರು. ಪಕ್ಕದಲ್ಲಿದ್ದ ಗೆಳೆಯ ಕಿವಿಯಲ್ಲಿ ಹೇಳಿದ: ‘ಲೋ, ನಿಮಗೆ ಪ್ರಪಂಚ ಗೊತ್ತಿಲ್ಲ, ಹೀಗೇ ಪೆದ್ದಾಗಿರಿ ಅಂತ ಬರ್ದಿದ್ದೀಯಲ್ಲೋ!’

ಎಡವಟ್ಟು ಇರೋದು ಇಲ್ಲೇ. ಕನ್ನಡದಲ್ಲಿ ‘ಮುಗ್ಧ’ ಅಂದರೆ ಮೆಚ್ಚುಗೆ. ಮುಗ್ಧ ನಗು, ಮುಗ್ಧ ಮಗು. ಇಂಗ್ಲಿಷಿನಲ್ಲಿ ದೊಡ್ಡವರನ್ನು ನಾಯೀವ್ ಅಂದರೆ ಬಹಳ ಸಲ ಅದು ಮೆಲ್ಲಗೆ ಚುಚ್ಚುವ ಮಾತು. ಅನುಭವ ಸಾಲದು, ಜನ ಹೇಗಿರ್ತಾರೆ ಅಂತ ಗೊತ್ತಿಲ್ಲ, ಎಲ್ಲವನ್ನೂ ಸುಲಭ ಅಂದುಕೊಂಡಿದ್ದಾರೆ ಅನ್ನೋ ಅರ್ಥ. ತಮಾಷೆ ನೋಡಿ, ‘ಮುಗ್ಧ’ಕ್ಕೂ ಇಂಥದ್ದೇ ಒಂದು ಹಿಂದಿನ ಕಥೆ ಇದೆ. ಅದರ ಸಂಸ್ಕೃತ ಧಾತು ‘ಮುಹ್’, ಅಂದರೆ ದಿಕ್ಕು ತೋಚದಂತಾಗು. ಮೋಹ, ಮೂಢ ಎರಡೂ ಅದೇ ಬಳ್ಳಿಯ ಕಾಯಿಗಳು. ಮೂಢ ಬೈಗುಳವಾಯಿತು, ಮುಗ್ಧ ಮುದ್ದಿನ ಪದವಾಯಿತು. ನಾಯೀವ್ ಇವೆರಡರ ನಡುವೆ ಎಲ್ಲೋ ನಿಂತಿದೆ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಒಂದೇ ಪದ ಹುಡುಕಬೇಡಿ ಅಂತೀನಿ ನಾನು. ‘ಲೋಕ ಗೊತ್ತಿಲ್ಲ’ ಅಂದರೆ ಹತ್ತಿರ ಬರುತ್ತದೆ. ಅದಕ್ಕಿಂತ ಚೆನ್ನಾಗಿರೋದು ‘ಬೆಳ್ಳಗಿರೋದೆಲ್ಲಾ ಹಾಲು ಅಂದುಕೊಳ್ಳೋನು’. ಧಾರವಾಡದ ರೂಮ್‌ಮೇಟ್ ‘ಭೋಳೆ ಮನಷ್ಯಾ’ ಅಂತಿದ್ದ, ಮಂಗಳೂರಿನವನು ‘ಪಾಪದವ’ ಅಂತಿದ್ದ. ಅವೆರಡರಲ್ಲೂ ಪ್ರೀತಿ ಸ್ವಲ್ಪ ಜಾಸ್ತಿ. ನಮ್ಮ ಬೆಂಗಳೂರಿನ ‘ಎಳಸು’ ಅನ್ನೋದರಲ್ಲಿ ಚುಚ್ಚು ಜಾಸ್ತಿ.

ಪದದ ಹುಟ್ಟು ನೆನಪಿಟ್ಟುಕೊಂಡರೆ ಅರ್ಥ ಮರೆಯೋದಿಲ್ಲ. ಲ್ಯಾಟಿನ್ನಿನ ‘ನಾಟೀವುಸ್’, ಅಂದರೆ ಹುಟ್ಟಿನಿಂದ ಬಂದದ್ದು. ಅದರಿಂದಲೇ ‘ನೇಟಿವ್’ ಬಂತು. ಫ್ರೆಂಚ್ ದಾರಿಯಲ್ಲಿ ಸವೆದು 17ನೇ ಶತಮಾನದಲ್ಲಿ ಇಂಗ್ಲಿಷಿಗೆ ‘ನಾಯೀವ್’ ಆಗಿ ಬಂತು. ಹುಟ್ಟಿದ ಹಾಗೇ ಇದ್ದಾನೆ, ಊರಿನ ಗಾಳಿ ಇನ್ನೂ ತಾಗಿಲ್ಲ ಅಂತ ಇಟ್ಟುಕೊಳ್ಳಿ.

ಉಚ್ಚಾರದಲ್ಲೂ ಎಡವುತ್ತೇವೆ. ಎನ್, ಎ, ಐ, ವಿ, ಇ ಅಂತ ಐದೇ ಅಕ್ಷರ ನೋಡಿ ‘ನೈವ್’, ‘ನೇವ್’ ಅಂತ ಓದಿಬಿಡುತ್ತೇವೆ. ಎ ಮತ್ತು ಐ ಬೇರೆ ಬೇರೆ: ನಾ-ಈವ್. ಒತ್ತು ‘ಈ’ ಮೇಲೆ, ಪ್ರಾಸ ‘ಲೀವ್’ ಜೊತೆ. ಕೆಲವು ಪುಸ್ತಕಗಳಲ್ಲಿ ಐ ಮೇಲೆ ಎರಡು ಚುಕ್ಕಿ ಇರುತ್ತದಲ್ಲ, ಬೇರೆ ಬೇರೆ ಓದಿ ಅನ್ನೋ ಸೂಚನೆ ಅದು. ನಾಮಪದ ‘ನಾಯೀವಿಟಿ’.

ಈಗ ಪರೀಕ್ಷೆಯಲ್ಲಿ ಕಾಡುವ ಅಕ್ಕಪಕ್ಕದ ಪದಗಳು. ನಾನು ಊರಿಂದ ಬಂದ ಮೊದಲ ದಿನ, ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ಬೆಳಿಗ್ಗೆ ಆರೂವರೆ. ಆಟೋದವರು ‘ಒನ್ ಅಂಡ್ ಹಾಫ್ ಆಗುತ್ತೆ ಸಾರ್, ನೈಟ್ ರೇಟು’ ಅಂದರು. ಸೂರ್ಯ ಹುಟ್ಟಿದ್ದ. ಬೆಂಗಳೂರಿನಲ್ಲಿ ಮೀಟರಿನ ಒಂದೂವರೆ ಪಟ್ಟು ಇರೋದು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ. ಅದು ನನಗೆ ಗೊತ್ತಿರಲಿಲ್ಲ, ಇದು ‘ಇಗ್ನೊರೆಂಟ್’. ಸಿಟಿಯಲ್ಲಿ ಯಾರೂ ಸುಳ್ಳು ರೇಟು ಹೇಳೋದಿಲ್ಲ ಅಂದುಕೊಂಡಿದ್ದೆ, ಇದು ‘ನಾಯೀವ್’. ಆಮೇಲೆ ಅದೇ ತಿಂಗಳು, ಮನೆ ನೋಡದೆ ಫೋಟೋ ನಂಬಿ ಯಾರೋ ಫೋನಿನವನಿಗೆ ಟೋಕನ್ ಅಡ್ವಾನ್ಸ್ ಹಾಕಿದೆ. ಹೀಗೆ ಪದೇ ಪದೇ ಟೋಪಿ ಹಾಕಿಸಿಕೊಳ್ಳೋ ಗುಣ ‘ಗಲಿಬಲ್’. ಅಪ್ಪನಿಗೆ ಹೇಳಿದಾಗ ಅವರು ಬಳಸಿದ ಪದ ಇಲ್ಲಿ ಬರೆಯೋ ಹಾಗಿಲ್ಲ.

‘ಇನೊಸೆಂಟ್’ ಬೇರೆಯೇ. ಅದರ ಮೂಲದಲ್ಲಿ ಇರೋದು ‘ಕೇಡು ಮಾಡದವನು’ ಅನ್ನೋ ಅರ್ಥ. ಹಾಗಾಗಿ ಕೋರ್ಟಿನಲ್ಲಿ ಆರೋಪಿ ಇನೊಸೆಂಟ್ ಆಗಬಹುದು, ನಾಯೀವ್ ಅಂತ ಬಿಡುಗಡೆ ಆಗೋದಿಲ್ಲ. ಪತ್ರಿಕೆಗಳ ‘ಅಮಾಯಕ’ ಎರಡನ್ನೂ ಹೊರುತ್ತದೆ. ‘ಅಮಾಯಕರ ಬಂಧನ’ ಅಂದಾಗ ಇನೊಸೆಂಟ್, ‘ಅಮಾಯಕರಿಗೆ ವಂಚನೆ’ ಅಂದಾಗ ನಾಯೀವ್. ಅನುವಾದದ ಪ್ರಶ್ನೆಯಲ್ಲಿ ಇಲ್ಲಿ ಎಚ್ಚರ.

ಬಳಸುವಾಗ ಯಾರ ಬಗ್ಗೆ ಹೇಳುತ್ತಿದ್ದೀರಿ ನೋಡಿ. ‘ಐ ವಾಸ್ ನಾಯೀವ್’ ಅಂದರೆ ನಿಮ್ಮ ತಪ್ಪು ಒಪ್ಪಿಕೊಂಡ ಹಾಗೆ, ಕೇಳೋರಿಗೆ ಇಷ್ಟವಾಗುತ್ತದೆ. ‘ದಟ್ಸ್ ಎ ನಾಯೀವ್ ಐಡಿಯಾ’ ಮೀಟಿಂಗಿನಲ್ಲಿ ನಡೆಯುತ್ತದೆ, ಮುಖ ಸ್ವಲ್ಪ ಸಣ್ಣದಾಗಬಹುದು. ‘ಯೂ ಆರ್ ನಾಯೀವ್’ ಮಾತ್ರ ಬೇಡ. ಪುಟ್ಟ ಮಗುವಿಗೆ ಈ ಪದ ಅಷ್ಟಾಗಿ ಒಗ್ಗೋದಿಲ್ಲ. ಮಗುವಿಗೆ ಲೋಕ ಗೊತ್ತಿರಬೇಕು ಅಂತ ಯಾರು ಬಯಸುತ್ತಾರೆ?

ಬೈಗುಳದ ವಾಸನೆಯೇ ಇಲ್ಲದ ಜಾಗಗಳೂ ಇವೆ. ಔಷಧಿಯನ್ನು ಇನ್ನೂ ಶುರುಮಾಡದ ರೋಗಿಯನ್ನು ಡಾಕ್ಟರುಗಳು ‘ಟ್ರೀಟ್‌ಮೆಂಟ್ ನಾಯೀವ್’ ಅನ್ನುತ್ತಾರೆ. ಐಟಿ ಇಂಟರ್‌ವ್ಯೂಗೆ ಹೋಗುವವರು ಇದನ್ನು ಓದಲೇಬೇಕು. ‘ಮೊದಲು ನಾಯೀವ್ ಅಪ್ರೋಚ್ ಹೇಳಿ’ ಅಂದರೆ ನಿಮ್ಮನ್ನು ದಡ್ಡ ಅಂದದ್ದಲ್ಲ. ತಲೆಗೆ ಮೊದಲು ಹೊಳೆಯುವ ನೇರ ದಾರಿ ಯಾವುದು ಅಂತ ಕೇಳಿದ್ದು. 1000 ಹೆಸರಿನ ಪಟ್ಟಿಯಲ್ಲಿ ಎರಡು ಸಲ ಬಂದ ಹೆಸರು ಹುಡುಕಬೇಕು ಅನ್ನಿ. ಪ್ರತಿ ಹೆಸರನ್ನೂ ಉಳಿದ ಎಲ್ಲದರ ಜೊತೆ ಹೋಲಿಸಿ ನೋಡೋದು ನಾಯೀವ್ ದಾರಿ. ಒಟ್ಟು 4,99,500 ಹೋಲಿಕೆ. ಅಕ್ಷರಕ್ರಮದಲ್ಲಿ ಜೋಡಿಸಿಕೊಂಡರೆ ಒಂದೇ ಹೆಸರುಗಳು ಪಕ್ಕಪಕ್ಕ ಬಂದು ಕೂರುತ್ತವೆ, ಕೆಲಸ ಎಷ್ಟೋ ಕಮ್ಮಿ.

ಸ್ಪ್ಯಾಮ್ ಮೇಲ್ ಹಿಡಿಯೋಕೆ ‘ನಾಯೀವ್ ಬೇಯ್ಸ್’ ಅನ್ನೋ ವಿಧಾನವೂ ಇದೆ. ಮೇಲ್‌ನಲ್ಲಿರುವ ಒಂದೊಂದು ಪದವೂ ಇನ್ನೊಂದರ ಹಂಗಿಲ್ಲದೆ ಬರುತ್ತದೆ ಅಂತ ಅದು ನಂಬುತ್ತದೆ. ‘ಲಾಟರಿ’ ಎಲ್ಲಿದೆಯೋ ಅಲ್ಲಿ ‘ಬಹುಮಾನ’ವೂ ಬಂದೇ ಬರುತ್ತದೆ ಅನ್ನೋದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಬೆಳ್ಳಗಿರೋದೆಲ್ಲಾ ಹಾಲು ಅದಕ್ಕೆ! ಆದರೂ ಸ್ಪ್ಯಾಮನ್ನು ಚೆನ್ನಾಗೇ ಹಿಡಿಯುತ್ತದೆ.

ವಿರುದ್ಧ ಪದ ಕೇಳಿದರೆ ‘ವರ್ಲ್ಡ್ಲಿ’, ‘ಸ್ಟ್ರೀಟ್ ಸ್ಮಾರ್ಟ್’. ನಮ್ಮಲ್ಲಿ ಹತ್ತೂರಿನ ನೀರು ಕುಡಿದವನು. ಮೇಡಂ ಕಾರ್ಡಿನಲ್ಲಿ ಏನು ಬರೆಯಬೇಕಿತ್ತು ಅಂತ ಭಾನುವಾರ ಕೇಳಿದಿರಲ್ಲ, ‘ಜೆನ್ಯುಯಿನ್’ ಸಾಕಿತ್ತು.