ಒಂದೇ ಕಳ್ಳತನ, ಇಬ್ಬರು ಹುಡುಗರು: ಬಾಲಾಪರಾಧಿಗಳ ಮನೋವೈದ್ಯಕೀಯ ವರ್ಗೀಕರಣ

ಹದಿನಾಲ್ಕು ವರ್ಷದ ಇಬ್ಬರು ಹುಡುಗರು ಅಂಗಡಿಯಲ್ಲಿ ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದಾರೆ ಅಂದುಕೊಳ್ಳಿ. ಮೊದಲನೆಯವನು ಗೆಳೆಯರ ಜೊತೆ ಹೋಗಿದ್ದ, ಎಷ್ಟು ಕೇಳಿದರೂ ಅವರ ಹೆಸರು ಬಾಯಿಬಿಡುತ್ತಿಲ್ಲ. ಇಲ್ಲಿಯ ತನಕ ಅವನ ಮೇಲೆ ಒಂದು ದೂರೂ ಇರಲಿಲ್ಲ. ಎರಡನೆಯವನು ಒಬ್ಬನೇ ಹೋಗಿದ್ದ. ಏಳನೇ ವಯಸ್ಸಿನಿಂದಲೇ ಸುಳ್ಳು, ಹೊಡೆದಾಟ, ನಾಯಿಮರಿಗಳಿಗೆ ಹಿಂಸೆ ಕೊಡೋದು ಎಲ್ಲ ಇದೆ, ಆಪ್ತ ಗೆಳೆಯ ಅಂತ ಒಬ್ಬನೂ ಇಲ್ಲ. ಇಬ್ಬರ ಮೇಲೂ ಕೇಸು ಒಂದೇ. ಆದರೆ ಇಬ್ಬರಿಗೂ ಒಂದೇ ಚಿಕಿತ್ಸೆ ಸಾಕಾಗುತ್ತಾ? ವರ್ಗೀಕರಣ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಬಾಯಿಪಾಠ ಮಾಡೋ ಕಷ್ಟ ಅರ್ಧ ತಪ್ಪುತ್ತೆ.

1946ರಲ್ಲಿ ಅಮೆರಿಕದ ಸಂಶೋಧಕರಾದ ಹೆವಿಟ್ ಮತ್ತು ಜೆಂಕಿನ್ಸ್ 500 ಮಕ್ಕಳ ಕೇಸ್ ಫೈಲ್ ಹಿಡಿದು ಕೂತು, ಯಾವ ಲಕ್ಷಣದ ಜೊತೆ ಯಾವುದು ಬರುತ್ತೆ ಅಂತ ನೋಡಿದರು. ಮೂರು ಗುಂಪು ಸಿಕ್ಕವು. ಯಾರ ಜೊತೆಗೂ ಬಾಂಧವ್ಯ ಇಲ್ಲದ ಆಕ್ರಮಣಶೀಲ ಮಗು, ತನ್ನ ಗ್ಯಾಂಗಿಗೆ ನಿಷ್ಠೆ ಇರುವ ಅಪರಾಧಿ ಮಗು, ಮತ್ತೆ ಎಲ್ಲವನ್ನೂ ಒಳಗೇ ಅದುಮಿಕೊಳ್ಳುವ ಅಂಜುಬುರುಕ ಮಗು. ನಮ್ಮ ಇಬ್ಬರು ಹುಡುಗರು ಎಲ್ಲಿ ಬರ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಅಮೆರಿಕದ ಮನೋವೈದ್ಯರು ಬಳಸುವ ರೋಗಗಳ ಕೈಪಿಡಿಗೆ ಡಿಎಸ್‌ಎಂ ಅಂತ ಹೆಸರು. ಇದೇ ವಿಭಜನೆ ಅದರ 1968ರ ಆವೃತ್ತಿ ಡಿಎಸ್‌ಎಂ-2ಕ್ಕೂ, 1980ರ ಡಿಎಸ್‌ಎಂ-3ಕ್ಕೂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10ರಲ್ಲೂ ಎಫ್91.1 (ಬಾಂಧವ್ಯ ಇಲ್ಲದ ಬಗೆ), ಎಫ್91.2 (ಗೆಳೆಯರ ಜೊತೆ ಬಾಂಧವ್ಯ ಇರುವ ಬಗೆ) ಅನ್ನೋ ಸಂಕೇತಗಳಾಗಿ ಉಳಿದುಕೊಂಡಿದೆ.

ಆಮೇಲೆ ಒತ್ತು ಬೇರೆ ಕಡೆ ಹೋಯಿತು. ಯಾರ ಜೊತೆ ಮಾಡಿದ ಅನ್ನೋದಕ್ಕಿಂತ, ಯಾವಾಗಿನಿಂದ ಮಾಡ್ತಿದ್ದಾನೆ ಅನ್ನೋದು ಮುಖ್ಯವಾಯಿತು. ಮನೋವಿಜ್ಞಾನಿ ಟೆರ್ರಿ ಮಾಫಿಟ್ 1993ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು: ಕೆಲವರಲ್ಲಿ ಇದು ಚಿಕ್ಕಂದಿನಲ್ಲೇ ಶುರುವಾಗಿ ದೊಡ್ಡವರಾದರೂ ಬಿಡೋದಿಲ್ಲ, ಬಹಳಷ್ಟು ಮಂದಿಯಲ್ಲಿ ಹರೆಯದಲ್ಲಿ ಬಂದು ಹರೆಯದ ಜೊತೆಗೇ ಹೋಗುತ್ತೆ. ಮರುವರ್ಷ ಬಂದ ಡಿಎಸ್‌ಎಂ-4 ಹತ್ತನೇ ವಯಸ್ಸನ್ನು ಗಡಿ ಮಾಡಿತು. ಹತ್ತಕ್ಕೆ ಮೊದಲೇ ಒಂದಾದರೂ ಲಕ್ಷಣ ಇದ್ದರೆ ಬಾಲ್ಯಾರಂಭದ ಬಗೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಜಾಸ್ತಿ ಉಪಯೋಗಕ್ಕೆ ಬರೋದು ಈ ಗೆರೆಯೇ, ಯಾಕಂದರೆ ಇದು ಮುಂದೇನಾಗಬಹುದು ಅನ್ನೋದರ ಸುಳಿವು ಕೊಡುತ್ತೆ.

ಬೇರೆಯವರ ಹಕ್ಕನ್ನೂ ನಿಯಮಗಳನ್ನೂ ಮತ್ತೆಮತ್ತೆ ಮುರಿಯುವ ಮಕ್ಕಳ ಈ ಕಾಯಿಲೆಯ ಹೆಸರು ಕಂಡಕ್ಟ್ ಡಿಸಾರ್ಡರ್. ಈಗಿನ ಡಿಎಸ್‌ಎಂ-5ರಲ್ಲಿ ಇದಕ್ಕೆ 15 ಲಕ್ಷಣ. ಹಿಂದಿನ 12 ತಿಂಗಳಲ್ಲಿ ಕನಿಷ್ಠ ಮೂರು, ಹಿಂದಿನ ಆರು ತಿಂಗಳಲ್ಲಿ ಒಂದಾದರೂ ಕಾಣಬೇಕು. ಅಂದರೆ ನಮ್ಮ ಮೊದಲನೇ ಹುಡುಗನಿಗೆ ಯಾವ ಕಾಯಿಲೆಯ ಹೆಸರೂ ಸಿಗದೇ ಹೋಗಬಹುದು. ಅವನು ಕಾನೂನಿಗೆ ಅಪರಾಧಿ, ಮನೋವೈದ್ಯರಿಗೆ ರೋಗಿಯಲ್ಲ. ಪರೀಕ್ಷೆಯಲ್ಲಿ ಇಲ್ಲೇ ಎಡವೋದು, ಹುಷಾರು. ಇನ್ನೊಂದು, ಸಮಾಜವಿರೋಧಿ ವ್ಯಕ್ತಿತ್ವ ದೋಷ ಅನ್ನೋ ಹೆಸರನ್ನು 18 ತುಂಬುವ ತನಕ ಯಾರಿಗೂ ಕೊಡುವ ಹಾಗಿಲ್ಲ.

ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ), ಖಿನ್ನತೆ, ಕಲಿಕೆಯ ತೊಂದರೆ, ಮನೆಯಲ್ಲಿ ತಿಂದ ಏಟು, ಇವೆಲ್ಲ ಇದರ ಜೊತೆಗೇ ಇರಬಹುದು. 'ಕೆಟ್ಟ ಹುಡುಗ' ಅಂತ ಒಂದು ಸಲ ಬರೆದುಬಿಟ್ಟರೆ ಇವನ್ನು ಯಾರೂ ಹುಡುಕೋದಿಲ್ಲ. ಚಿಕಿತ್ಸೆ ಕೊಡಬಹುದಾದ ಖಿನ್ನತೆ ಹಾಗೇ ಉಳಿದುಬಿಡುತ್ತೆ.

ಡಿಎಸ್‌ಎಂ-5 ಹೊಸದಾಗಿ ಸೇರಿಸಿದ್ದು, ಪಶ್ಚಾತ್ತಾಪ ಮತ್ತು ಕನಿಕರದ ಕೊರತೆ ಇದೆ ಅಂತ ರೋಗದ ಹೆಸರಿನ ಜೊತೆ ಬರೆಯುವ ಹೆಚ್ಚುವರಿ ಗುರುತು (ಸ್ಪೆಸಿಫೈಯರ್). ತಪ್ಪಿತಸ್ಥ ಭಾವ ಇಲ್ಲದಿರೋದು, ಬೇರೆಯವರ ನೋವು ತಾಗದಿರೋದು, ಓದು ಕೆಲಸ ಹಾಳಾದರೂ ಚಿಂತೆ ಇಲ್ಲದಿರೋದು, ಭಾವನೆಗಳು ಮೇಲುಮೇಲಿನವಾಗಿರೋದು, ಈ ನಾಲ್ಕರಲ್ಲಿ ಎರಡಾದರೂ ಬೇಕು. ಪೊಲೀಸರ ಮುಂದೆ ಕಲ್ಲಿನಂತೆ ಕೂತ ಹುಡುಗನನ್ನು ನೋಡಿ ಇದನ್ನು ಬರೆಯೋಕಾಗೋದಿಲ್ಲ. ಅದು ಬರೀ ಭಯ ಇರಬಹುದು. ಒಂದು ವರ್ಷದುದ್ದಕ್ಕೂ, ಮನೆ ಶಾಲೆ ಎರಡೂ ಕಡೆ ಹೀಗೇ ಇದ್ದಾನಾ ಅಂತ ಅವನನ್ನು ಬಹುಕಾಲದಿಂದ ಬಲ್ಲ ಅಪ್ಪ ಅಮ್ಮ, ಟೀಚರ್, ನೆಂಟರನ್ನು ಕೇಳಲೇಬೇಕು.